ಗೋಡೆಯೊಳಗಿನ ಮುಜಂಟಿ ಸಂಸಾರ

ಮದುವೆಯಾಗಿ ಸಾಂತಾಕ್ರೂಜ್‌ನ ಚಾಳಿಗೆ ಬಂದ ಮೊದಲ ನಾಲ್ಕು ತಿಂಗಳು ನಾನು ದಿನಾ ಬೆಳಿಗ್ಗೆ ಒಂದು ಮನೆಯ ಬಾಗಿಲು ಕೀಳುತ್ತಿದ್ದೆ. ಅದು ಬಾಗಿಲೆಂದು ನನಗೆ ಗೊತ್ತಿರಲಿಲ್ಲ. ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಅದೊಂದೇ ಮಾತು.

ಐವತ್ತರ ದಶಕದ ಮೊದಲ ವರ್ಷಗಳು. ಧಾರವಾಡವೂ ಆಗ ಮುಂಬಯಿ ರಾಜ್ಯಕ್ಕೇ ಸೇರಿತ್ತು. "ರಾಜ್ಯ ಬಿಟ್ಟು ಎಲ್ಲೂ ಹೊಂಟಿಲ್ಲವಾ ನೀನು" ಎಂದು ಸಮಾಧಾನ ಹೇಳಿ ಅಪ್ಪ ನನ್ನನ್ನು ರೈಲು ಹತ್ತಿಸಿದ್ದರು. ನನ್ನವರು ಫೋರ್ಟ್ ಕಡೆ ಒಂದು ಆಫೀಸಿನಲ್ಲಿ ಕ್ಲಾರ್ಕು. ಬೆಳಿಗ್ಗೆ ಎಂಟೂವರೆಯ ಲೋಕಲ್ ಹಿಡಿದರೆ ಅವರ ಮುಖ ಮತ್ತೆ ಕಾಣುವುದು ದೀಪ ಹಚ್ಚುವ ಹೊತ್ತಿಗೆ. ನಮ್ಮದು ಸಾಲಾಗಿ ಎಂಟು ಖೋಲಿಗಳಿದ್ದ, ಕೋಣೆಗೊಂದು ಸಂಸಾರದ ಉದ್ದನೆಯ ಚಾಳು. ಮೇಲೆ ಮಂಗಳೂರು ಹಂಚು, ಒಂದು ತುದಿಗೆ ಎಲ್ಲರಿಗೂ ಸೇರಿದ ನಲ್ಲಿ. ಹಿಂಬದಿಯಲ್ಲಿ ಕಂಪೌಂಡಿನವರೆಗೆ ಒಂದು ಸೀರೆ ಹಾಸಿದಷ್ಟು ನೆಲ. ಕೆಲವರು ಅಲ್ಲಿ ಇದ್ದಿಲ ಚೀಲ ಇಟ್ಟಿದ್ದರು, ಕೆಲವರು ಒಡೆದ ಬಕೆಟ್ಟು. ನಾನು ಅವ್ವ ಕಟ್ಟಿಕೊಟ್ಟ ಸೌತೆಬೀಜ ಹಾಕಿದೆ.

ಆ ಹಿಂಬಾಗಿಲ ಪಕ್ಕದ ಗೋಡೆಯಲ್ಲಿ, ನನ್ನ ಭುಜದ ಎತ್ತರಕ್ಕೆ, ಗಾರೆ ಉದುರಿದ ಒಂದು ಸಂದಿತ್ತು. ಅದರಿಂದ ಕಪ್ಪು ಮೇಣದಂಥ ಕೊಳವೆಯೊಂದು ಹೊರಗೆ ಚಾಚಿಕೊಂಡಿತ್ತು. ಕಿರುಬೆರಳಿನಷ್ಟು ಉದ್ದ, ಮುಟ್ಟಿದರೆ ಅಂಟು. ಇರುವೆಗೆ ರೆಕ್ಕೆ ಬಂದರೆ ಹೇಗಿರುತ್ತದೋ ಹಾಗಿದ್ದ ಕರಿಯ ಹುಳಗಳು ಅದರ ಬಾಯಿಂದ ಹೋಗಿ ಬಂದು ಮಾಡುತ್ತಿದ್ದವು. ಹೊಸದಾಗಿ ಸಂಸಾರ ಹೂಡಿದವಳಿಗೆ ಸ್ವಚ್ಛತೆಯ ಹುಚ್ಚು ಜಾಸ್ತಿ. ಹಳೆಯ ಚಾಕುವಿನಿಂದ ಕೊಳವೆಯನ್ನು ಹೆರೆದು ತೆಗೆದು, ತೂತಿಗೆ ಚಪಾತಿ ಹಿಟ್ಟಿನ ಉಂಡೆ ತುರುಕುತ್ತಿದ್ದೆ. ಮರುದಿನ ನೋಡಿದರೆ ಹಿಟ್ಟನ್ನು ಕೊರೆದು ಹೊಸ ಕೊಳವೆ ತಲೆ ಹಾಕಿರುತ್ತಿತ್ತು. ಅವಕ್ಕೂ ಛಲ, ನನಗೂ ಛಲ. ಚಾಳಿನಲ್ಲಿ ಮಾತಾಡುವವರು ಇನ್ನೂ ಯಾರೂ ಆಗಿರಲಿಲ್ಲವಾದ್ದರಿಂದ ಈ ಜಗಳವೇ ನನಗೆ ಒಂದು ರೀತಿಯ ಒಡನಾಟವಾಗಿತ್ತೆಂದು ಈಗ ಅನ್ನಿಸುತ್ತದೆ.

ಸೌತೆಬಳ್ಳಿ ಮಾತ್ರ ಹಂಚಿನವರೆಗೆ ಹಬ್ಬಿ ಹೂ ಬಿಟ್ಟಿತು. ಹಳದಿ ಹೂವು, ಬುಡದಲ್ಲಿ ಹೆಬ್ಬೆರಳ ಅರ್ಧದಷ್ಟು ಎಳೆ ಕಾಯಿ. ನಾಲ್ಕು ದಿನ ಕಳೆದರೆ ಆ ಕಾಯಿ ಬಾಡಿ ಹಳದಿಯಾಗಿ ಉದುರುತ್ತಿತ್ತು. ಪಕ್ಕದ ಖೋಲಿಯ ಮರಾಠಿ ಅಜ್ಜಿ ದೃಷ್ಟಿ ತಾಗಿದೆಯೆಂದು ಹೇಳಿ, ಹಳೆಯ ಚಪ್ಪಲಿ ಕಟ್ಟಲು ಸೂಚಿಸಿದರು. ನನ್ನವರು ತಮ್ಮದೇ ಒಂದು ಚಪ್ಪಲಿಯನ್ನು ತ್ಯಾಗ ಮಾಡಿದರು. ಸೌತೆಕಾಯಿ ಬರಲಿಲ್ಲ. ಚಪ್ಪಲಿಯನ್ನು ಯಾರೋ ಒಯ್ದರು.

"ಒಂದ ಚಪ್ಪಲ್ ತಗೊಂಡ್ ಅವಾ ಏನ್ ಮಾಡ್ತಾನ?" ಎಂದು ನಾನು ಕೇಳಿದೆ.

"ಅವನ ಮನ್ಯಾಗೂ ಸೌತೀಬಳ್ಳಿ ಇರಬೇಕು" ಎಂದರು ಅವರು. ಆಮೇಲೆ ಆಫೀಸಿನ ಶೈಲಿಯಲ್ಲಿ ಬಳ್ಳಿಗೆ ಒಂದು ಅರ್ಜಿ ಬರೆದರು. 'ಮಾನ್ಯ ಬಳ್ಳಿಯವರ ಸನ್ನಿಧಾನಕ್ಕೆ' ಎಂದು ಶುರುವಾಗುವ ಆ ಕಾಗದವನ್ನು ಹಂದರಕ್ಕೆ ಸಿಕ್ಕಿಸಿ, ಉತ್ತರ ಬರಲು ಹದಿನೈದು ದಿನ ಬೇಕಾಗಬಹುದೆಂದರು.

ಉತ್ತರ ತಂದವಳು ಕೊನೆಯ ಖೋಲಿಯ ಅಕ್ಕ. ಉಡುಪಿ ಕಡೆಯವಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ಅವಳ ಗಂಡ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಅಡುಗೆಯ ಭಟ್ಟರು. ಒಂದು ಬೆಳಿಗ್ಗೆ ಕರಿಬೇವು ಕೇಳಲು ಹಿತ್ತಿಲ ಕಡೆಯಿಂದ ಬಂದವಳು, ಚಾಕು ಹಿಡಿದು ನಿಂತಿದ್ದ ನನ್ನನ್ನು ಕಂಡು ಅಲ್ಲೇ ನಿಂತಳು.

"ಎಂತ ಮಾಡ್ತಿದ್ದೀ ಮಾರಾಯ್ತಿ? ಅವರ ಮನೆ ಬಾಗಿಲು ಯಾಕೆ ಕೀಳ್ತೀ?"

"ಯಾರ ಮನೀ ಅಕ್ಕಾ? ನೊಣದ ಗೂಡಿದು."

"ನೊಣ ಅಲ್ಲ, ಮುಜಂಟಿ. ಜೇನು ಅದು. ನಮ್ಮ ಊರಲ್ಲಿ ಇದರ ತುಪ್ಪ ಒಂದು ಚಮಚ ಸಿಗ್ತದೆ ಅಂದ್ರೆ ನಾಲ್ಕು ಮನೆಯವರು ಬಂದು ಕೂರ್ತಾರೆ. ನೀನು ನೋಡಿದ್ರೆ ಚಾಕು ಹಿಡ್ಕೊಂಡು ಬರ್ತೀ."

ಜೇನು ಎಂದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಕಡಿಯೂದಿಲ್ಲೇನು?"

"ಕೊಂಡಿಯೇ ಇಲ್ಲ ಅದಕ್ಕೆ. ಭಾರೀ ಸಿಟ್ಟು ಬಂದ್ರೆ ತಲೆಕೂದಲೊಳಗೆ ನುಗ್ತದೆ. ಅಷ್ಟೇ ಅದರ ಪೌರುಷ." ಅವಳು ಬಳ್ಳಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಇಷ್ಟು ಹೂ ಉಂಟು. ಕಾಯಿ ಎಲ್ಲಿ?"

"ಎಲ್ಲಾ ಉದುರತಾವ."

ಅಕ್ಕ ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು. ಆಮೇಲೆ ಎದ್ದು ಬರಿಯ ತೊಟ್ಟಿನ ಮೇಲೆ ಕುಳಿತಿದ್ದ ಒಂದು ಹೂವನ್ನೂ, ಬುಡದಲ್ಲಿ ಎಳೆ ಕಾಯಿದ್ದ ಇನ್ನೊಂದನ್ನೂ ತೋರಿಸಿದಳು. "ಇದು ಗಂಡು, ಇದು ಹೆಣ್ಣು. ಎರಡೂ ಇದ್ದಲ್ಲೇ ಇರ್ತವೆ. ನಡುವೆ ಓಡಾಡ್ಲಿಕ್ಕೆ ಒಬ್ಬರು ಬೇಕಲ್ಲ? ಆ ಒಬ್ಬರ ಬಾಗಿಲನ್ನು ನೀನು ದಿನಾ ಬೆಳಿಗ್ಗೆ ಕೀಳ್ತಿದ್ದೀ."

ನನ್ನ ಮದುವೆ ಕುದುರಿಸಿದವರು ಸೋದರಮಾವ. ಧಾರವಾಡಕ್ಕೂ ನನ್ನವರ ಊರು ಬೆಳಗಾವಿಗೂ ಏಳು ಸಲ ಓಡಾಡಿ, ಎರಡು ಜಾತಕ, ಒಂದು ಫೋಟೋ ಸಾಗಿಸಿದ್ದರು. ಅವರು ಮನೆಯಿಂದ ಹೊರಬೀಳುವಾಗಲೆಲ್ಲ ಯಾರೋ ಹೊಸ್ತಿಲಿಗೆ ಚಪಾತಿ ಹಿಟ್ಟು ಮೆತ್ತಿದ್ದರೆ ನನ್ನ ಗತಿ ಏನಾಗುತ್ತಿತ್ತೆಂದು ಯೋಚಿಸಿ ಚಾಕುವನ್ನು ಒಳಗಿಟ್ಟೆ.

ಮೂರೇ ದಿನಗಳಲ್ಲಿ ಕೊಳವೆ ಕಿರುಬೆರಳು ದಾಟಿತು. ಬಾಯಿಯ ಸುತ್ತ ನಾಲ್ಕೈದು ಹುಳಗಳು ಕಾವಲು ಕುಳಿತಿರುತ್ತಿದ್ದವು. ಬಿಸಿಲು ಏರುತ್ತಿದ್ದಂತೆ ಹೂವಿಂದ ಹೂವಿಗೆ ಅವುಗಳ ತಿರುಗಾಟ. ಕಾಲಿಗೆ ಹಳದಿ ಹಿಟ್ಟು ಮೆತ್ತಿಕೊಂಡು ಮನೆಗೆ ಬರುವಾಗ, ಸಂತೆಯಿಂದ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದವರ ಹಾಗೆ ಕಾಣುತ್ತಿದ್ದವು. ಯುಗಾದಿಯ ಹೊತ್ತಿಗೆ ಹಂದರದಲ್ಲಿ ಸೌತೆಕಾಯಿಗಳು ಗಂಟೆಗಳಂತೆ ನೇತಾಡಿದವು.

ಅಷ್ಟು ಬರುತ್ತವೆಂದು ಯಾರು ಎಣಿಸಿದ್ದರು? ನಾವಿಬ್ಬರೇ ತಿಂದು ಮುಗಿಸುವ ಮಾತಾಗಿರಲಿಲ್ಲ. ಕೋಸಂಬರಿ, ಹುಳಿ, ಪಚಡಿ ಎಲ್ಲ ಆದ ಮೇಲೆ ನನ್ನವರ ಡಬ್ಬಿಯಲ್ಲಿ ದಿನಾ ಸೌತೆಕಾಯಿ. ಅವರ ಆಫೀಸಿನವರು, ಮಧ್ಯಾಹ್ನ ಡಬ್ಬಿ ತೆರೆಯುವ ಮೊದಲೇ "ಇವತ್ತೂ ಅದೇ ಏನು?" ಎಂದು ಕೇಳುವಂತಾಯಿತು. ಉಳಿದದ್ದನ್ನು ಚಾಳಿನ ಮಿಕ್ಕ ಏಳೂ ಖೋಲಿಗಳಿಗೆ ಹಂಚಿದೆ. ಹಾಗೆ ಹಂಚುತ್ತಲೇ ನನಗೆ ಎಲ್ಲರ ಪರಿಚಯವಾದದ್ದು.

ಮರಾಠಿ ಅಜ್ಜಿಯದು ಮಾತ್ರ ಕಷ್ಟದ ಬಾಬತ್ತು. ಅವರು ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಿತ್ತಿಲಲ್ಲಿ ಮಣೆ ಹಾಕಿ ಕೂರುವವರು. ಮುಜಂಟಿಗಳು ಅವರ ಕೂದಲಲ್ಲಿ ಸಿಕ್ಕಿಕೊಂಡು ಗುಂಯ್‌ಗುಡುತ್ತಿದ್ದವು. ಆ ತೂತನ್ನು ಮುಚ್ಚಿಸದೆ ಬಿಡುವುದಿಲ್ಲವೆಂದು ಅವರು ಕೂಗಾಡುತ್ತಿದ್ದರು. ಅವರಿಗೆ ಹಲ್ಲಿರಲಿಲ್ಲವೆಂದು ನಾನು ಸೌತೆಕಾಯಿ ತುರಿದು, ಮೊಸರು ಹಾಕಿ, ಬಟ್ಟಲಲ್ಲಿ ಒಯ್ದುಕೊಟ್ಟೆ. ಅಜ್ಜಿ ತಿಂದರು. ಬಟ್ಟಲನ್ನು ನೆಕ್ಕಿದಷ್ಟು ಚೊಕ್ಕ ಮಾಡಿದರು. ಇದೆಲ್ಲ ಆ ಹುಳಗಳ ಕೆಲಸ ಎಂದು ಅಕ್ಕ ತನ್ನ ಹರುಕು ಮರಾಠಿಯಲ್ಲಿ ವಿವರಿಸಿದಳು. ಅಜ್ಜಿ ಮರುದಿನದಿಂದ ತಲೆಗೆ ಸೆರಗು ಹೊದ್ದು ಕೂರತೊಡಗಿದರು. ಅಷ್ಟೇ ಅಲ್ಲ, ಆ ಗೋಡೆಯ ಕಾವಲನ್ನೂ ತಾವೇ ವಹಿಸಿಕೊಂಡರು. ಯಾರಾದರೂ ಅಲ್ಲಿ ಇದ್ದಿಲ ಒಲೆ ಹೊತ್ತಿಸಿದರೆ ಹೊಗೆ ಏಳುವ ಮೊದಲು ಅಜ್ಜಿಯ ಬೈಗುಳ ಏಳುತ್ತಿತ್ತು. ಸೊಳ್ಳೆಗೆ ಔಷಧಿ ಹೊಡೆಯುವವರು ಪಿಚಕಾರಿ ಹೊತ್ತು ಬಂದ ದಿನ ಅಜ್ಜಿ ಒದ್ದೆ ಬಟ್ಟೆಯನ್ನು ಕೊಳವೆಯ ಮೇಲೆ ಹಿಡಿದು, ಅವರು ಗೇಟು ದಾಟುವವರೆಗೆ ಅಲುಗಾಡದೆ ನಿಂತಿದ್ದರು. ತುಳಸಿಯ ಕುಡಿ ಹೂವನ್ನು ದಿನಾ ಚಿವುಟುವುದು ಅವರ ರೂಢಿ. ಈಗ ಅರ್ಧ ಚಿವುಟಿ ಅರ್ಧ ಬಿಡುತ್ತಿದ್ದರು. ಕೇಳಿದರೆ, "ದೇವಾಲಾ ಅರ್ಧೇ, ತ್ಯಾಂನಾ ಅರ್ಧೇ" ಎನ್ನುತ್ತಿದ್ದರು. ದೇವರಿಗೆ ಅರ್ಧ, ಅವುಗಳಿಗೆ ಅರ್ಧ.

ಅಜ್ಜಿಯೇ ಹೀಗೆ ಬದಲಾದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಇದ್ದಿಲ ಚೀಲಗಳು ಮುಂಬದಿಗೆ ಹೋದವು. ಒಬ್ಬರು ಹಾಗಲ ಹಾಕಿದರು, ಒಬ್ಬರು ಚೆಂಡುಹೂವು. ಒಡೆದ ಬಕೆಟ್ಟಿನಲ್ಲಿ ಕೊತ್ತಂಬರಿ ಬಿತ್ತಿದವರು ಅದನ್ನು ಪೂರ್ತಿ ಕೀಳದೆ ಹೂವಾಗಲು ಬಿಟ್ಟರು. ಚಾಳಿನ ಹಿಂಬದಿ ನೋಡುವಂತಾಯಿತು.

ಇಷ್ಟರಲ್ಲಿ ಮೇ ತಿಂಗಳು ಬಂತು. ಜೊತೆಗೆ ಮಾಲೀಕರ ಮೆಹತಾಜಿಯೂ ಬಂದರು. ಚಾಳಿನ ಉಸ್ತುವಾರಿ ಅವರದು. ಬಿಳಿ ಟೊಪ್ಪಿಗೆ, ಕೈಯಲ್ಲಿ ಕೊಡೆ, ನಗುವಿಲ್ಲದ ಮುಖ. ಮಳೆಗೆ ಮೊದಲು ಹಿಂದಿನ ಗೋಡೆಗೆಲ್ಲ ಗಾರೆ ಬಳಿಸುವುದಾಗಿ ಹೇಳಿ, ಕೊಡೆಯ ತುದಿಯಿಂದ ಒಂದೊಂದೇ ಬಿರುಕನ್ನು ತೋರಿಸುತ್ತ ಬಂದು ನಮ್ಮ ತೂತಿನ ಮುಂದೆ ನಿಂತರು. "ಇದನ್ನು ಮೊದಲು ಮುಚ್ಚಬೇಕು."

ಅದು ಭಾನುವಾರ, ನನ್ನವರು ಮನೆಯಲ್ಲೇ ಇದ್ದರು. ಕ್ಲಾರ್ಕಿಗೆ ಭಾನುವಾರ ವಕೀಲನಾಗುವ ಚಪಲ. "ಮೆಹತಾಜಿ, ಇಲ್ಲಿ ಒಂದು ಕುಟುಂಬ ವಾಸವಾಗಿದೆ. ನಮ್ಮೆಲ್ಲರಿಗಿಂತ ಹಳೆಯ ಬಾಡಿಗೆದಾರರು. ನೋಟೀಸು ಕೊಡದೆ ಬಿಡಿಸಲು ಬರುವುದಿಲ್ಲ" ಎಂದು ಹಿಂದಿಯಲ್ಲಿ ಗಂಭೀರವಾಗಿ ಹೇಳಿದರು.

"ರೇಶನ್ ಕಾರ್ಡ್ ಇದೆಯೇ ಅವರಿಗೆ?" ಎಂದರು ಮೆಹತಾಜಿ, ಅಷ್ಟೇ ಗಂಭೀರವಾಗಿ. ನನ್ನವರ ವಕೀಲಿ ಅಲ್ಲಿಗೆ ಮುಗಿಯಿತು. ನಾಳೆಯಿಂದ ಕೆಲಸ ಶುರು, ಒಂದು ತೂತೂ ಉಳಿಯಕೂಡದು ಎಂದು ಹೇಳಿ ಮೆಹತಾಜಿ ಹೊರಟರು. ಅಜ್ಜಿ ಅವರ ಬೆನ್ನಿಗೆ ಏನೋ ಅಂದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮರುದಿನ ಗಾರೆ ಕೆಲಸದ ಗೌಂಡಿ ಬಂದ. ಐವತ್ತರ ಆಸುಪಾಸಿನ ಗಟ್ಟಿ ಮನುಷ್ಯ, ಕೆಂಪು ರುಮಾಲು. ತನ್ನಷ್ಟಕ್ಕೆ ಗೊಣಗುತ್ತ ಗಾರೆ ಕಲಸುತ್ತಿದ್ದ. ಆ ಗೊಣಗಾಟ ಕನ್ನಡವೆಂದು ಗೊತ್ತಾದಾಗ ನನಗೆ ಹೋದ ಜೀವ ಬಂದಂತಾಯಿತು.

"ಯಾವೂರ್ರೀ ಕಾಕಾ ನಿಮ್ಮದು?"

ಅವನ ಕೈಯ ಕರಣೆ ನಿಂತಿತು. "ಬಿಜಾಪುರದ ಕಡಿ ಬೇ ತಂಗೆವ್ವಾ. ಈಗ ಇಪ್ಪತ್ತ ವರ್ಷಾತು, ಧಾರಾವಿ ಒಳಗ ಇರ್ತೀವಿ. ನೀ ಯಾವೂರಾಕಿ?"

ಧಾರವಾಡ ಎಂದೆ. ಚಹಾ ಕೊಟ್ಟೆ. ಎರಡನೆಯ ಕಪ್ಪು ಮುಗಿಯುವ ಹೊತ್ತಿಗೆ ಗೋಡೆಯ ವಿಷಯ ಎತ್ತಿದೆ. ಅವನು ಎದ್ದು ಹೋಗಿ ಕೊಳವೆಗೆ ಕಿವಿ ಹಚ್ಚಿ ಕೇಳಿದ.

"ತುಂಬಿದ ಮನಿ ಐತಿ ಇದು" ಎಂದ. "ಖರೆ ಅಂದ್ರ, ಬಿಟ್ಟ ಹೋದ್ರ ಮೆಹತಾ ನನ್ನ ಬಿಡಾಂಗಿಲ್ಲ. ಮುಚ್ಚಿದ್ರ ನೀವು ಬಿಡಾಂಗಿಲ್ಲ."

"ನಾವಲ್ಲ, ಆ ಅಜ್ಜಿ ಬಿಡೂದಿಲ್ಲ" ಎಂದು ನಾನು ತೋರಿಸಿದೆ. ಅಜ್ಜಿ ಮಣೆಯ ಮೇಲೆ ಕುಳಿತು ಅವನನ್ನೇ ದಿಟ್ಟಿಸುತ್ತಿದ್ದರು. ಗೌಂಡಿ ಸ್ವಲ್ಪ ಹೊತ್ತು ರುಮಾಲಿನೊಳಗೆ ಬೆರಳು ತೂರಿಸಿ ತಲೆ ತುರಿಸಿಕೊಂಡ.

"ಒಂದ್ ಬಿದಿರಿನ ತುಂಡ್ ಐತೇನು? ಬೆರಳ ಹೋಗೂವಷ್ಟ ತೂತಿರಬೇಕು."

ಬಟ್ಟೆ ಒಣಹಾಕುವ ಬಿದಿರು ಕೋಲೊಂದನ್ನು ಅಕ್ಕ ತಂದಳು. ಅವನು ಅದರ ತುದಿಯಿಂದ ಗೇಣುದ್ದ ಕೊಯ್ದ. ಸಂಜೆ ಹುಳಗಳೆಲ್ಲ ಒಳಗೆ ಸೇರಿದ ಮೇಲೆ ಬಿದಿರನ್ನು ಮೇಣದ ಕೊಳವೆಯ ಮೇಲೆ ಟೊಪ್ಪಿಗೆ ಹಾಕಿದ ಹಾಗೆ ಕೂರಿಸಿ, ಸುತ್ತಲೂ ಗಾರೆ ಮೆತ್ತಿದ. ಗೋಡೆ ನುಣ್ಣಗಾಯಿತು, ನಡುವೆ ಒಂದು ಬಿದಿರಿನ ಮೂಗು ಉಳಿಯಿತು. ನಾವೆಲ್ಲ ಅವನನ್ನು ಹೊಗಳಿ ಕಳಿಸಿದೆವು.

ಬೆಳಗಾಯಿತು. ಬಿಸಿಲು ಗೋಡೆಗೆ ಬಂತು. ಬಿದಿರಿನಿಂದ ಒಂದು ಹುಳವೂ ಹೊರಬರಲಿಲ್ಲ. ಏಳೂವರೆಗೆ ಮೂವರು ಗೋಡೆಯ ಮುಂದೆ ನಿಂತಿದ್ದೆವು, ಎಂಟಕ್ಕೆ ಇಡೀ ಚಾಳು. ಬಿಸಿ ಹೆಚ್ಚಾಯಿತೋ, ಗಾರೆಯ ವಾಸನೆಗೆ ಸತ್ತವೋ ಎಂದು ಒಬ್ಬೊಬ್ಬರದು ಒಂದೊಂದು ಭಯ. ನನ್ನವರ ಎಂಟೂವರೆಯ ಲೋಕಲ್ ಹೋಯಿತು. ಅವರು ಹೋದರೆ ಹೋಗಲಿ ಎಂದು ಡಬ್ಬಿ ಕೈಯಲ್ಲೇ ಹಿಡಿದು ನಿಂತಿದ್ದರು. ನಾಲ್ಕು ತಿಂಗಳು ನಾನು ಮಾಡಲಾಗದ ಕೆಲಸ ಕೊನೆಗೂ ಆಗಿಹೋಯಿತೆಂದುಕೊಂಡೆ. ಅಜ್ಜಿ ನನ್ನ ಕೈ ಹಿಡಿದುಕೊಂಡರು.

ಗೌಂಡಿ ಬಂದ ಐದೇ ನಿಮಿಷಕ್ಕೆ ಮೆಹತಾಜಿಯೂ ಬಂದರು. ನುಣ್ಣನೆಯ ಗೋಡೆಯ ಉದ್ದಕ್ಕೂ ಕೊಡೆ ಎಳೆಯುತ್ತ ಬಂದು ಬಿದಿರಿನ ಮುಂದೆ ನಿಂತು, ಇದೇನೆಂದು ಕೇಳಿದರು.

"ನೀರು ಬಸಿಯೋ ಪೈಪ್, ಸಾಹೇಬ್" ಎಂದ ಗೌಂಡಿ, ಕಣ್ಣು ಪಿಳುಕಿಸದೆ, ತನ್ನ ಹಿಂದಿಯಲ್ಲಿ. "ಇದಿಲ್ಲದಿದ್ದರೆ ಮಳೆಗಾಲದಲ್ಲಿ ಗೋಡೆ ಉಬ್ಬುತ್ತದೆ."

"ಗೋಡೆಯ ನಡುವೆ?"

"ಅಲ್ಲೇ ಉಬ್ಬೋದು, ಸಾಹೇಬ್."

ಹೀಗೆ ಹೇಳುತ್ತಲೇ ಅವನು ಅಕ್ಕನ ಕೈಯಿಂದ ಒಂದು ಕಸಬರಿಗೆ ಕಡ್ಡಿ ಇಸಿದುಕೊಂಡು ಬಿದಿರಿನೊಳಗೆ ಮೆಲ್ಲನೆ ತೂರಿಸಿ ತಿರುಗಿಸಿದ. ಒಳಗೆ ಜಾರಿ ಕುಳಿತಿದ್ದ ಗಾರೆಯ ಉಂಡೆಯೊಂದು ಕಡ್ಡಿಗೆ ಹತ್ತಿ ಹೊರಬಂತು. ಅದರ ಹಿಂದೆಯೇ ಇಡೀ ಸಂಸಾರ. ಬೆಳಗಿನಿಂದ ಒಳಗೆ ಸಿಕ್ಕಿಬಿದ್ದ ಹುಳಗಳು ಒಂದೇ ಸಲ ಹೊರಗೆ ನುಗ್ಗಿದವು. ಹತ್ತಿರದಲ್ಲಿದ್ದದ್ದು ಮೆಹತಾಜಿಯ ಬಿಳಿ ಟೊಪ್ಪಿಗೆ. ಎರಡು ಕ್ಷಣಗಳಲ್ಲಿ ಅದಕ್ಕೆ ಎಳ್ಳು ಉದುರಿಸಿದಂತೆ ಆಯಿತು. ಹುಬ್ಬಿನ ಮೇಲೂ ಎರಡು ಕುಳಿತವು.

ಮೆಹತಾಜಿ ಕಣ್ಣು ಮುಚ್ಚಿ ಕಂಬದಂತೆ ನಿಂತರು. ಅಜ್ಜಿ ಮುಂದೆ ಹೋಗಿ, ಅವು ಏನೂ ಮಾಡುವುದಿಲ್ಲ, ಸುಮ್ಮನೆ ನೋಡುತ್ತಿವೆ ಎಂದು ಮಗುವಿಗೆ ಹೇಳುವಂತೆ ಮರಾಠಿಯಲ್ಲಿ ಹೇಳಿದರು.

"ಕಾಟತಾ ನಹೀಂ?" ಎಂದರು ಮೆಹತಾಜಿ ಕಣ್ಣು ತೆರೆಯದೆ. ಕಚ್ಚುವುದಿಲ್ಲವೆಂದು ಚಾಳೆಲ್ಲ ಒಂದೇ ದನಿಯಲ್ಲಿ ಹೇಳಿತು.

ಸ್ವಲ್ಪ ಹೊತ್ತಿನಲ್ಲಿ ಹುಳಗಳು ತಮ್ಮ ಕೆಲಸ ನೆನಪಾಗಿ ಬಳ್ಳಿಗಳ ಕಡೆ ಹಾರಿದವು. ಮೆಹತಾಜಿ ಟೊಪ್ಪಿಗೆ ತೆಗೆದು ಒಳಗೆ ಹೊರಗೆ ನೋಡಿ ಮತ್ತೆ ಹಾಕಿಕೊಂಡರು. ಹಾಗಲ, ಚೆಂಡುಹೂವು, ಕೊತ್ತಂಬರಿ ಎಲ್ಲದರ ಮೇಲೂ ಒಮ್ಮೆ ಕಣ್ಣು ಹಾಯಿಸಿದರು.

"ಪಾನಿ ಬರಾಬರ್ ಜಾ ರಹಾ ಹೈ" ಎಂದರು ಗೌಂಡಿಗೆ. ನೀರು ಸರಿಯಾಗಿ ಹೋಗುತ್ತಿದೆ. ಕೊಡೆ ಬೀಸುತ್ತ ಹೋದರು. ಅವರ ಮುಖದಲ್ಲಿ ನಗು ಇತ್ತೆಂದು ಅಕ್ಕ ಆಣೆ ಮಾಡಿ ಹೇಳುತ್ತಿದ್ದಳು. ನಾನು ನೋಡಿದ್ದು ಬೆನ್ನು ಮಾತ್ರ.

ಆ ಮಳೆಗಾಲ ಕಳೆದ ಮೇಲೆ ಅಕ್ಕ ತನ್ನ ಊರಿನ ಉಪಾಯವೊಂದನ್ನು ಹೊರತೆಗೆದಳು. ಸಣ್ಣ ಮಣ್ಣಿನ ಮಡಕೆಗೆ ತೂತು ಕೊರೆದು, ಒಳಗೆ ಹಳೆಯ ಮೇಣ ಸವರಿ, ಬಾಯಿಗೆ ಮುಚ್ಚಳ ಮೆತ್ತಿ ಗೋಡೆಯ ಪಕ್ಕ ಸೂರಿಗೆ ಕಟ್ಟಿದಳು. ಸಂಸಾರ ದೊಡ್ಡದಾದರೆ ಒಂದು ಪಾಲು ಬೇರೆ ಮನೆ ಹುಡುಕುತ್ತದಂತೆ. ಮಡಕೆ ಎರಡು ತಿಂಗಳು ಖಾಲಿ ನೇತಾಡಿತು. ನನ್ನವರು ಅದರ ಮೇಲೆ ಸೀಮೆಸುಣ್ಣದಿಂದ 'ಖೋಲಿ ಖಾಲಿ ಇದೆ' ಎಂದು ಮೂರು ಭಾಷೆಗಳಲ್ಲಿ ಬರೆದರು. ಚಳಿಗಾಲದಲ್ಲಿ ಒಂದು ದಿನ ತೂತಿನ ಸುತ್ತ ಕಪ್ಪು ಅಂಟು ಕಾಣಿಸಿತು.

ಆ ಮಡಕೆಯ ಸುದ್ದಿ ಗೌಂಡಿಗೆ ಹೇಗೋ ತಲುಪಿತು. ಧಾರಾವಿಯಿಂದ ಬಂದು, "ನಮ್ಮಾಕಿ ಸೂರಿನ ಮ್ಯಾಲೆ ಕುಂಬಳ ಹಬ್ಬಿಸ್ಯಾಳು. ಹೂವ ಬರೇ ಬಾಡಾಕತ್ಯಾವು. ಅದೊಂದ್ ಗಡಿಗಿ ನಮಗ ಕೊಡ್ರಿ" ಎಂದು ಕೇಳಿದ. ಅವನಿಗಲ್ಲದೆ ಬೇರೆ ಯಾರಿಗೆ ಕೊಡುವುದು?

ಒಂದು ಸಂಜೆ ಅಕ್ಕನೂ ನಾನೂ ಮಡಕೆಯ ತೂತಿಗೆ ತೆಳು ಬಟ್ಟೆ ಕಟ್ಟಿ, ಎತ್ತಿಕೊಂಡು, ಲೋಕಲ್‌ನ ಹೆಂಗಸರ ಡಬ್ಬಿ ಹತ್ತಿದೆವು. ಮಾಹೀಮ್‌ವರೆಗೆ ಹೋಗಬೇಕಿತ್ತು. ಗಾಡಿ ತುಂಬಿತ್ತು. ಬುಟ್ಟಿ ಖಾಲಿ ಮಾಡಿಕೊಂಡು ಹೊರಟಿದ್ದ ಮೀನು ಮಾರುವವಳೊಬ್ಬಳು ಮಡಕೆ ನೋಡಿ, ಮೊಸರೇ ಎಂದು ಕೇಳಿದಳು.

"ಪಾಹುಣೇ ಆಹೇತ" ಎಂದಳು ಅಕ್ಕ. ನೆಂಟರಿದ್ದಾರೆ.

ಅವಳು ನಂಬದೆ ಮಡಕೆಗೆ ಕಿವಿ ಇಟ್ಟಳು. ಗಾಡಿಯ ಸದ್ದಿನ ಕೆಳಗೆ ಸಣ್ಣ ಗುಂಯ್‌ಗುಟ್ಟುವಿಕೆ ಕೇಳಿರಬೇಕು. ಅವಳ ಕಣ್ಣು ಅಗಲವಾದವು. ಎದ್ದು ನಿಂತು, ನಮ್ಮಿಬ್ಬರಿಗಲ್ಲ, ಮಡಕೆಗೆ ಜಾಗ ಮಾಡಿಕೊಟ್ಟಳು. ಬಾಂದ್ರಾ ಬರುವಷ್ಟರಲ್ಲಿ ಡಬ್ಬಿಯ ಅರ್ಧ ಹೆಂಗಸರು ಸರದಿಯಲ್ಲಿ ಬಂದು ಕಿವಿ ಇಟ್ಟು ಕೇಳಿಹೋಗಿದ್ದರು. ಜನ ತುಂಬಿದ ಲೋಕಲ್‌ನಲ್ಲಿ ಒಂದು ಸೀಟಿನ ಮೇಲೆ ಮಡಕೆ ಒಂಟಿಯಾಗಿ ಕುಳಿತು ಪ್ರಯಾಣ ಮಾಡಿತು, ನಾವು ನಿಂತೇ ಹೋದೆವು.

ಧಾರಾವಿಯ ಕಿರುಗಲ್ಲಿಯೊಂದರಲ್ಲಿ ಗೌಂಡಿಯ ಹೆಂಡತಿ ಅರಿಶಿನ ಕುಂಕುಮ ಹಿಡಿದು ಕಾಯುತ್ತಿದ್ದಳು. ತಗಡಿನ ಸೂರಿನ ಮೇಲೆ ಕುಂಬಳದ ಬಳ್ಳಿ. ಅಕ್ಕಪಕ್ಕದ ಸೂರುಗಳ ಮೇಲೂ ಹೀರೆ, ಅವರೆ, ಯಾವುದೋ ಹೂವಿನ ಬಳ್ಳಿ. ಕೆಳಗೆ ಚರ್ಮ ಹದ ಮಾಡುವ ಕಾರ್ಖಾನೆಗಳ ವಾಸನೆ, ಮೇಲೆ ಇಷ್ಟೊಂದು ಹಸಿರು ಇರುತ್ತದೆಂದು ನಾನು ಎಣಿಸಿರಲಿಲ್ಲ. ಗೌಂಡಿ ಏಣಿ ಹತ್ತಿ, ಬಿಸಿಲು ನೇರ ಬೀಳದ ಕಡೆ ಮಡಕೆ ಕಟ್ಟಿದ. ಆ ಗಲ್ಲಿಯ ಜನರೆಲ್ಲ ಕೆಳಗೆ ನಿಂತು ಎಡಕ್ಕೆ, ಬಲಕ್ಕೆ ಎಂದು ನಾಲ್ಕು ಭಾಷೆಗಳಲ್ಲಿ ಸಲಹೆ ಕೊಟ್ಟರು. ಬಟ್ಟೆ ಬಿಚ್ಚಿದ ಮೇಲೆ ಒಂದೇ ಒಂದು ಹುಳ ಹೊರಗೆ ಬಂದು, ತೂತಿನ ಸುತ್ತ ನಡೆದು, ಹೊಸ ಊರನ್ನು ಒಮ್ಮೆ ನೋಡಿ ಒಳಗೆ ಹೋಯಿತು.

ಗೌಂಡಿಯ ಹೆಂಡತಿ ನಮ್ಮನ್ನು ಊಟ ಮಾಡಿಸದೆ ಬಿಡಲಿಲ್ಲ. ಜೋಳದ ರೊಟ್ಟಿ ತಟ್ಟುತ್ತ, "ಇವಕ್ಕ ಏನ್ ಹಾಕಬೇಕು ತಿನ್ನಾಕ?" ಎಂದು ಕೇಳಿದಳು.

"ಏನೂ ಹಾಕುವುದು ಬೇಡ" ಎಂದಳು ಅಕ್ಕ. "ಸುತ್ತ ಎಲ್ಲರೂ ಹೂ ಬಿಡುವಂಥದ್ದು ಏನಾದ್ರೂ ಬೆಳೆಸಿ. ಹೊಗೆ ಹಾಕ್ಬೇಡಿ. ಮತ್ತೆ ಅವುಗಳ ಪಾಡಿಗೆ ಅವನ್ನು ಬಿಡಿ."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ತಮಿಳು ಹೆಂಗಸಿಗೆ ಇದು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಆದರೆ ಅವಳು ತನ್ನ ಮನೆಯಿಂದ ಒಂದು ಸಣ್ಣ ಮಡಕೆ ತಂದು ಅಕ್ಕನ ಮುಂದೆ ಇಟ್ಟು, ತೂತು ಎಲ್ಲಿ ಕೊರೆಯಬೇಕೆಂದು ಬೆರಳಿನಿಂದ ಕೇಳಿದಳು. ಅಕ್ಕ ರೊಟ್ಟಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಇದ್ದಿಲ ಚೂರಿನಿಂದ ಗುರುತು ಹಾಕಿಕೊಟ್ಟಳು.